ಮೂವತ್ತು ದಿನ ಮಾತ್ರ, ತಪ್ಪಿಸಿಕೊಳ್ಳಬೇಡಿ

ನನ್ನ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಒಂದು ಕಪ್ಪು ಕಾರು ಇತ್ತು. ಅದರ ಹಿಂದೆ ಮೂವರು ಕಟುಕರಿದ್ದರು.

ಕಾರು ಕಾಗದದ್ದು. ಕಟುಕರು ಅಸಲಿ.

ತೈನಾನ್ ಊರಿನ ಆ ಗಲ್ಲಿ ಎಷ್ಟು ಇಕ್ಕಟ್ಟೆಂದರೆ, ಎದುರುಬದುರು ಮನೆಯವರು ಒಂದೇ ಹಗ್ಗದಲ್ಲಿ ಬಟ್ಟೆ ಒಣಹಾಕುತ್ತಾರೆ. ಯಾರದೋ ಒದ್ದೆ ಪೈಜಾಮ ಮುಖಕ್ಕೆ ಬಡಿಯಿತು. ಕಿತ್ತೆಸೆದೆ. ಮುಂದೆ ಗೋಡೆ!

ಬ್ರೇಕ್ ಹಾಕಿದೆ. ಹಿಂದೆ ಹೆಜ್ಜೆ ಸಪ್ಪಳ ನಿಂತಿತು. ಹ್ಸು ಸಹೋದರರು. ಹಂದಿಮಾಂಸದ ಅಂಗಡಿಯವರು. ಮೂವರ ಮೈಮೇಲೂ ರಬ್ಬರ್ ಏಪ್ರನ್. ದೊಡ್ಡವನ ಕೈಯಲ್ಲಿ ಮೂಳೆ ಕಡಿಯುವ ಕತ್ತಿ.

"ಕಾಗದದ ಅಂಗಡಿಯೋನು ನೀನೇನಾ?"

"ಅಲ್ಲಣ್ಣ. ಆ ಅಂಗಡಿ ಯಾಕೆ ಓಡ್ತಿಲ್ಲ ಅಂತ ಹುಡುಕೋನು."

"ನೀನು ಚೆನ್ನಾಗೇ ಓಡ್ತೀಯಲ್ಲ. ಈಗ ಹೇಳು. ನಮ್ಮ ತಾತನ್ನ ಯಾಕೆ ಸಾಯಿಸ್ತಿದೀರಾ?"

ತಡಿ, ಸ್ವಲ್ಪ ಹಿಂದಕ್ಕೆ ಹೋಗೋಣ. ಕತ್ತಿ ಎಲ್ಲಿಗೂ ಹೋಗುವುದಿಲ್ಲ.

ನನ್ನ ಹೆಸರು ಕುನ್. ಆನ್‌ಲೈನ್ ಅಂಗಡಿಗೆ ಬಂದವರು ಬುಟ್ಟಿ ತುಂಬಿಸಿ, ಕೊಳ್ಳದೆ ಪರಾರಿಯಾದರೆ, ಯಾಕೆಂದು ಪತ್ತೆ ಹಚ್ಚುವುದು ನನ್ನ ಕಸುಬು. ಬೇರೆ ಪತ್ತೇದಾರರಿಗೆ ಹೆಣ ಸಿಗುತ್ತದೆ. ನನಗೆ ಅನಾಥ ಬುಟ್ಟಿಗಳು.

ನನ್ನನ್ನು ಕರೆಸಿದ್ದು ಸಿಯೊಕ್-ಬಿ ಅಕ್ಕ. ಅವಳ ಅಪ್ಪ, ಎಂಬತ್ತೊಂದರ ಲೋ ಮೇಷ್ಟ್ರು, ಬಿದಿರು ಸೀಳಿ ಕಾಗದ ಅಂಟಿಸಿ ಸತ್ತವರಿಗೆ ಸಂಸಾರ ಹೂಡಿಕೊಡುತ್ತಾರೆ. ಬಂಗಲೆ, ಕಾರು, ಫೋನು, ಬಟ್ಟೆ ಒಗೆಯುವ ಯಂತ್ರ. ಸುಟ್ಟರೆ ಅವರಿಗೆ ತಲುಪುತ್ತದೆ. ಚಾಂದ್ರಮಾನದ ಏಳನೇ ತಿಂಗಳಲ್ಲಿ ಆಚೆಯ ಬಾಗಿಲು ತೆರೆದು ಸತ್ತವರೆಲ್ಲ ಈಚೆ ಬರುತ್ತಾರೆ. ಅದೇ ವ್ಯಾಪಾರದ ಸುಗ್ಗಿ.

"ಏಳನೇ ತಿಂಗಳ ಮೊದಲನೇ ದಿನ, ಸಂಜೆ ಆರರೊಳಗೆ, ನೀನು ಅಂಗಡಿ ಹಾಕಿರೋ ಆ ಫೋನಿನಿಂದ ಮೂವತ್ತು ಆರ್ಡರ್ ಬರಬೇಕು," ಎಂದಿದ್ದರು ಮೇಷ್ಟ್ರು. "ಬರದಿದ್ರೆ ಚಾಕು ಕೆಳಗಿಡ್ತೀನಿ. ಅಂಗಡಿ ಮುಚ್ಚೋಣ."

"ನಾನು ಏಳನೇ ವಯಸ್ಸಿಂದ ಬಿದಿರು ಸೀಳ್ತಿದೀನಿ, ಕುನ್," ಎಂದಳು ಅಕ್ಕ. ಅವಳ ಬೆರಳ ತುಂಬ ಹಳೇ ಗಾಯ. "ನನಗೆ ಬೇರೆ ಏನೂ ಬರಲ್ಲ."

ಹನ್ನೆರಡು ದಿನ ಉಳಿದಿತ್ತು. ಅಂಗಡಿಯ ಪುಟ ಕಟ್ಟಿಕೊಟ್ಟದ್ದು 'ಹಾರುವ ಕುದುರೆ' ಎಂಬ ಏಜೆನ್ಸಿ. ತಿಂಗಳಲ್ಲಿ ನಾನೂರ ಹನ್ನೆರಡು ಬುಟ್ಟಿ ತುಂಬಿದ್ದವು. ಕೊಂಡವರು ಒಂಬತ್ತು ಜನ. ಗಿರಾಕಿಗಳ ಓಡಾಟದ ದಾಖಲೆ ಹಾಕಿಕೊಂಡು ಎರಡು ದಿನ ನೋಡಿದೆ. ಪರದೆಯ ಮೇಲೆ ಮೌಸಿನ ಬಾಣ ಬಂಗಲೆ ಆರಿಸುತ್ತದೆ. ಕಾರು ಆರಿಸುತ್ತದೆ. ಕೊನೆಯ ಪುಟಕ್ಕೆ ಬರುತ್ತದೆ. ನಿಲ್ಲುತ್ತದೆ. ನಡುಗುತ್ತದೆ. ಹುಲಿ ಕಂಡ ಜಿಂಕೆಯ ಹಾಗೆ ಓಟ!

ಪುಟದಲ್ಲಿ ಹುಲಿ ಮಾತ್ರ ನನಗೆ ಕಾಣಲಿಲ್ಲ. ಬಟನ್ ಸರಿ. ಬೆಲೆ ಸರಿ. ಅಕ್ಷರ ದಪ್ಪ.

ತಲೆ ಕೆಟ್ಟು ಎದ್ದೆ. ಅಂಗಡಿಯಲ್ಲಿ ಒಂದು ಕಾರು ತಲುಪಿಸಲು ಬಾಕಿಯಿತ್ತು. ಗಾಳಿಯಾದರೂ ಸಿಗಲಿ ಎಂದು ನಾನೇ ಒಯ್ದೆ. ಹ್ಸು ಮನೆಯ ಬಾಗಿಲು ತಟ್ಟಿ "ಕಾಗದದ ಅಂಗಡಿಯಿಂದ" ಎಂದೆ, ಅಷ್ಟೆ. ಮಿಕ್ಕದ್ದು ನಿನಗೆ ಗೊತ್ತು. ಪೈಜಾಮ. ಗೋಡೆ. ಕತ್ತಿ.

"ಓದು," ಎಂದ ದೊಡ್ಡವನು. ಫೋನನ್ನು ನನ್ನ ಮೂಗಿಗೆ ಒತ್ತಿದ.

ಅಜ್ಜಿ ತೀರಿಕೊಂಡ ನಲವತ್ತೊಂಬತ್ತನೇ ದಿನಕ್ಕೆಂದು ತಾತನ ಹೆಸರಿನಲ್ಲಿ ಕಾರು ಆರ್ಡರ್ ಮಾಡಿದ್ದರು. ಏಜೆನ್ಸಿಯ ಸಂದೇಶ ಹೀಗಿತ್ತು:

'ಪ್ರಿಯ ಹ್ಸು ತಾತನವರೇ, ಬೇಗ ಮತ್ತೆ ಬನ್ನಿ! ನಿಮ್ಮ ಮುಂದಿನ ಖರೀದಿಗೆ ಶೇಕಡಾ ಇಪ್ಪತ್ತು ರಿಯಾಯಿತಿ. ಮೂವತ್ತು ದಿನ ಮಾತ್ರ. ತಪ್ಪಿಸಿಕೊಳ್ಳಬೇಡಿ!'

"ಅವತ್ತಿಂದ ತಾತ ಹಾಸಿಗೆ ಹಿಡಿದವ್ರೆ," ಎಂದ ನಡುವಿನವನು.

"ದಿನಾ ಎಣಿಸ್ತಾರೆ," ಎಂದ ಚಿಕ್ಕವನು. ಮೂಗು ಒರೆಸಿಕೊಂಡ. "ಇನ್ನು ಒಂಬತ್ತು ಇದೆಯಂತೆ."

ಹುಲಿ ಸಿಕ್ಕಿತು.

ಅದೇ ಸಾಲು ಕೊನೆಯ ಪುಟದಲ್ಲೂ ಇತ್ತು, ಬಟನ್ನಿನ ನೆತ್ತಿಯ ಮೇಲೆಯೇ. ಹತ್ತು ವರ್ಷ ಚಹಾಪುಡಿ, ಕಾಲುಚೀಲ, ಶಾಂಪೂ ಪುಟಗಳಲ್ಲಿ ಅದನ್ನೇ ನೋಡಿದ ಕಣ್ಣು ಕುರುಡಾಗಿತ್ತು. ನಮ್ಮಲ್ಲಿ ಸಾವಿನ ಸಾಮಾನು ತಂದವನು ಹೊರಡುವಾಗ 'ಬರ್ತೀನಿ' ಎನ್ನುವುದಿಲ್ಲ. ಅವನಿಗೆ ಯಾರೂ 'ಮತ್ತೆ ಬಾ' ಎನ್ನುವುದಿಲ್ಲ. ಅಂದರೆ ಅವನು ನಿಜವಾಗಿಯೂ ಬರಬೇಕಾಗುತ್ತದಲ್ಲ!

"ಅಣ್ಣಂದಿರಾ," ಎಂದೆ. "ಇದನ್ನು ಬರೆದೋರ ಹತ್ರ ಹೋಗೋಣ. ಕತ್ತಿ ಬೇಡ."

"ಕತ್ತಿ ಇಲ್ದೆ ನಂಗೆ ಮಾತೇ ಬರಲ್ಲ," ಎಂದ ದೊಡ್ಡವನು.

ಕತ್ತಿಯೂ ಬಂತು. ಕಾರೂ ಬಂತು. ಅಜ್ಜಿಯ ಕಾರನ್ನು ಗಲ್ಲಿಯಲ್ಲಿ ಬಿಡಲು ಮೂವರೂ ಒಪ್ಪಲಿಲ್ಲ. ಏಜೆನ್ಸಿಯ ಲಿಫ್ಟಿನಲ್ಲಿ ಅದನ್ನು ಲಂಬವಾಗಿ ನಿಲ್ಲಿಸಿಕೊಂಡು ಏಳು ಮಹಡಿ ಹತ್ತಿದೆವು.

ಮಾಲಕಿ ಮಿಸ್ ಲಿಯೆನ್. ಜಾಹೀರಾತಿನ ಹಾಗೆಯೇ ಮಾತಾಡುತ್ತಾಳೆ, ಪ್ರತಿ ವಾಕ್ಯದ ಕೊನೆಯಲ್ಲೂ ಬಾಲ ಎತ್ತಿ. "ಕುನ್ ಅಣ್ಣಾಆ, ಒಂದ್ಸಲ ಬಂದ ಗಿರಾಕಿ ಪದೇ ಪದೇ ಬರ್ಬೇಕೂಊ. ವ್ಯಾಪಾರದ ಜೀವಾನೇ ಅದೂಊ."

"ಇಲ್ಲಿ ಮನೇಲೊಂದು ಜೀವ ಹೋದ್ರೇನೇ ಬರೋದು, ಮಿಸ್ ಲಿಯೆನ್."

"ಆ ಸಾಲು ಚಹಾಪುಡಿಗೆ ಚಿನ್ನದಂಗೆ ದುಡೀತೂಊ. ತೆಗೀಬೇಕಂದ್ರೆ ಅರ್ಧ ಜನಕ್ಕೆ ಹಳೇದು, ಅರ್ಧ ಜನಕ್ಕೆ ಹೊಸದು ತೋರ್ಸಿ ಮೂರು ವಾರ ಪರೀಕ್ಷೆ ಮಾಡ್ಬೇಕೂಊ."

ದೊಡ್ಡ ಹ್ಸು ಕತ್ತಿಯನ್ನು ಮೇಜಿನ ಮೇಲಿಟ್ಟ. ಮೃದುವಾಗಿ. "ತಾತನ ಹತ್ರ ಮೂರು ವಾರ ಇಲ್ಲ, ತಂಗಿ."

ಅವಳು ಕತ್ತಿಗೂ ಜಗ್ಗಲಿಲ್ಲ. ಗಟ್ಟಿ ಹೆಂಗಸು. ಅಂಕಿಅಂಶಗಳ ಹಾಳೆಯನ್ನು ಗುರಾಣಿಯ ಹಾಗೆ ಎತ್ತಿದಳು.

ನಾನು ಕುರ್ಚಿ ಎಳೆದುಕೊಂಡೆ.

"ನಿಮ್ಮ ಮನೇಲಿ ಯಾರಾದ್ರೂ ತೀರಿಕೊಂಡಿದ್ರಾ?"

"ಅಜ್ಜಿ. ಹೋದ ವರ್ಷ."

"ಕಾಗದದ ಮನೆ ತಂದಿದ್ದೋನು ಹೋಗೋವಾಗ ಏನಂದ?"

"ಏನೂ... ಅನ್ಲಿಲ್ಲ. ತಲೆ ಬಗ್ಗಿಸಿ ಹೋದ." ಬಾಲ ಇಳಿದಿತ್ತು.

"'ಮತ್ತೆ ಸಿಗೋಣ, ಮೂವತ್ತು ದಿನದೊಳಗೆ' ಅಂದಿದ್ರೆ?"

"ಅಮ್ಮ ಅವನ ಮೇಲೆ ಉಪ್ಪು ಎರಚಿರೋಳು." ಅವಳು ಮೂಲೆಯಲ್ಲಿ ನಿಂತಿದ್ದ ಕಾರನ್ನು ನೋಡಿದಳು. ಹಾಳೆ ಇಳಿಯಿತು. "ಅಯ್ಯೋ. ನಾನೂರ ಹನ್ನೆರಡು ಮನೆಗೆ ಹಾಗಂದಿದೀನಾ?"

ಐದೇ ನಿಮಿಷ. ಸಾಲು ಹೋಯಿತು. ಆ ಜಾಗಕ್ಕೆ ಒಂದೇ ಮಾತು ಬಂತು: 'ಜೋಪಾನ.'

ಏಳನೇ ತಿಂಗಳ ಮೊದಲನೇ ದಿನ. ಅಂಗಡಿಯ ಮುಂದೆ ಮೇಜು ಹಾಕಿ ಅಲೆಮಾರಿ ಪ್ರೇತಗಳಿಗೆ ಬಿಸ್ಕತ್ತು, ಹಣ್ಣು, ನೂಡಲ್ಸ್ ಇಟ್ಟಿದ್ದೆವು. ಫೋನು ಬೆಳಗಿನಿಂದ ಟಿಂಗ್ ಎನ್ನುತ್ತಿತ್ತು. ಮಧ್ಯಾಹ್ನಕ್ಕೆ ಹದಿನೆಂಟು. ಐದಕ್ಕೆ ಇಪ್ಪತ್ತೊಂಬತ್ತು.

ಆಮೇಲೆ ಸುಮ್ಮನಾಯಿತು.

ಐದೂವರೆ. ಐದೂ ಮುಕ್ಕಾಲು. ಮೇಷ್ಟ್ರು ಚಾಕು ಒರೆಸತೊಡಗಿದರು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಚಳಿಯಲ್ಲಿ ಚಹಾ ಲೋಟ ಹಿಡಿದ ಹಾಗೆ.

ಆರಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಊರುಗೋಲಿನ ಸದ್ದು. ಸಣ್ಣಗಿನ ಮುದುಕರು. ಹಿಂದೆ ಮೂರು ರಬ್ಬರ್ ಏಪ್ರನ್.

"ನಮ್ಮೋಳಿಗೆ ಕಾರು ಕಳ್ಸಿದ್ವಿ," ಎಂದರು ಹ್ಸು ತಾತ. "ಹಾಸಿಗೇಲಿ ಬಿದ್ಕೊಂಡು ಯೋಚ್ನೆ ಮಾಡ್ದೆ. ಅವಳಿಗೆ ಓಡ್ಸಕ್ಕೇ ಬರಲ್ವಲ್ಲ. ಒಬ್ಬ ಡ್ರೈವರ್ ಬೇಕು. ಕಾಗದದ್ದು."

"ಬಾಗಿಲಿಗೆ ಬಂದು ಕೇಳಿದ್ದು ಲೆಕ್ಕಕ್ಕಿಲ್ಲ," ಎಂದರು ಮೇಷ್ಟ್ರು. "ಫೋನಿನಿಂದ ಬರಬೇಕು."

"ನಿನ್ನ ವಯಸ್ಸೆಷ್ಟಯ್ಯಾ?"

"ಎಂಬತ್ತೊಂದು."

"ಅದಕ್ಕೇ ಹಠ. ಚಿಕ್ಕ ವಯಸ್ಸು." ಎಂಬತ್ತೆಂಟರ ತಾತ ಫೋನು ತೆಗೆದರು. ಕೊನೆಯ ಪುಟಕ್ಕೆ ಬಂದರು. ಬೆರಳು ನಿಂತಿತು. ಅವರು ಗಟ್ಟಿಯಾಗಿ ಓದಿಕೊಂಡರು: "ಜೋಪಾನ." ತಲೆಯಾಡಿಸಿ ಒತ್ತಿದರು.

ಟಿಂಗ್.

ಮೇಷ್ಟ್ರು ಗೋಡೆಗೆ ಒರಗಿದ್ದ ಬಿದಿರು ಎಳೆದುಕೊಂಡು ಚಾಕು ಇಳಿಸಿದರು. ಚರ್ರೆಂದು ಸೀಳಿತು. "ಡ್ರೈವರಿಗೆ ಮೀಸೆ ಬೇಕಾ?" ಎಂದು ಕೇಳಿದರು, ತಲೆ ಎತ್ತದೆ.

"ಬೇಡ. ಚೆನ್ನಾಗಿರೋನೂ ಬೇಡ." ತಾತ ಫೋನನ್ನು ಅಕ್ಕನ ಮುಂದೆ ಹಿಡಿದರು. "ರಿಯಾಯಿತಿ ಹಾಕೇ ಇಲ್ವಲ್ಲಮ್ಮ?"

"ಅದರ ಗಡುವು ನಿನ್ನೆಗೇ ಮುಗೀತು, ತಾತ."

"ಅದರದ್ದು ಮುಗೀತು," ಎಂದು ತಾತ ಟೋಪಿ ಹಾಕಿಕೊಂಡರು. "ನಂದು ಮುಗೀಲಿಲ್ಲ."

ಊರುಗೋಲು ಕುಟ್ಟುತ್ತ ಹೊರಟರು. 'ಮತ್ತೆ ಬನ್ನಿ' ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.