ಬಿಳಿ ಪಾದಗಳ ಬಹುಮಾನ

ಬೆಳಿಗ್ಗೆ ಸಭಾಗೃಹದ ಬೀಗ ತೆಗೆದವರು ವಕೀಲ ರಮಾಕಾಂತರು. ಮೊದಲು ಕೂಗಿಕೊಂಡವರೂ ಅವರೇ.

ಹೊರಗೆ ನಿಂತವರೆಲ್ಲ ಓಡಿ ಬಂದರು. ಮೂಲೆಯ ಪಂಜರದಲ್ಲಿ ಅವರ ಮಲ್ಲಿಗೆ ಕಾಲು ಚಾಚಿ ಬಿದ್ದಿತ್ತು. ಹಾಲಿನಲ್ಲಿ ಅದ್ದಿ ತೆಗೆದಂಥ ಮೊಲ. ಹಿಂದಿನ ವರ್ಷದ ಮೊದಲ ಬಹುಮಾನ ಅದರದ್ದೇ. ಈಗ ಅದರ ಕಣ್ಣು ಗಾಜಿನ ಗೋಲಿಯಂತೆ ತೆರೆದೇ ಇತ್ತು.

೧೯೬೩ರ ಬೇಸಿಗೆ. ಧಾರವಾಡದ ಸಾಲೆಯೊಂದರ ತಗಡಿನ ಚಾವಣಿಯ ಕೆಳಗೆ ಮೊಲ ಸಾಕುವವರ ಸಂಘದ ಪ್ರದರ್ಶನ. ರಮಾಕಾಂತರು ಸಂಘದ ಅಧ್ಯಕ್ಷರು. ಅವರು ಫೋನು ಮಾಡಿದ್ದೇ ತಡ, ಫೌಜದಾರ ಹುಲಗಪ್ಪ ಅರ್ಧ ಕುಡಿದ ಚಹಾ ಬಿಟ್ಟು ಸೈಕಲ್ ಹತ್ತಿದ.

"ಫೋನಿನ್ಯಾಗ ಖೂನಿ ಅಂದ್ರಲ್ರಿ. ಹೆಣ ಎಲ್ಲೈತಿ?"

"ಇದ ನೋಡ್ರಿ," ಎಂದರು ರಮಾಕಾಂತರು.

ಹಿಂದೆ ನಿಂತಿದ್ದ ಪೇದೆ ಕಿಸಕ್ಕನೆ ನಕ್ಕ. ಹುಲಗಪ್ಪ ನಗಲಿಲ್ಲ. ಬಾಗಿ ನೋಡಿದ. ಪಂಜರದಲ್ಲಿ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಒಂದು ಹಿಡಿ, ಬಾಡಿ ಬಿದ್ದಿತ್ತು. ಪಕ್ಕದಲ್ಲಿ ತುಂಬಿದ ನೀರಿನ ಬಟ್ಟಲು.

"ಆ ಸೊಪ್ಪು ಹಾಕಿದಾಕಿ ಅಲ್ಲಿ ನಿಂತಾಳ," ಎಂದರು ವಕೀಲರು. "ಇಂಥವರನ್ನ ಸಂಘದಾಗ ಸೇರಿಸಿಕೊಂಡದ್ದ ನಮ್ಮ ತಪ್ಪು."

* * *

ಆಕೆ ಸತ್ಯವ್ವ, ರಾಯಾಪುರದ ಸಾಲೆಯ ಮಾಸ್ತರಬಾಯಿ. ತನ್ನ ಮನೆತನದಲ್ಲಿ ಸರಕಾರದ ಪಗಾರ ತಂದವರಲ್ಲಿ ಆಕೆಯೇ ಮೊದಲು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪೊಲೀಸ್ ಕೇಸು ಬಿದ್ದರೆ ಸ್ಕೂಲ್ ಬೋರ್ಡಿನವರು ಮರುದಿನವೇ ಮನೆಗೆ ಕಳಿಸುತ್ತಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಆಕೆಯ ಪರವಾಗಿ ಬಾಯಿ ಬಿಡಲಿಲ್ಲ.

ಆಕೆಯ ಮೊಲದ ಪಾದಗಳಿಗೆ ತುಸು ಹಳದಿ ಹತ್ತಿತ್ತು. ಅರಿಷಿಣ ಹಚ್ಚಿಗೊಂಡ ಮದುಮಗಳು ಬಂದಳು ಎಂದು ಹಿಂದಿನ ದಿನವೆಲ್ಲ ಗೇಲಿ ಮಾಡಿದವರೇ ಈಗ ಅದೇ ಹೊಟ್ಟೆಕಿಚ್ಚಿಗೆ ಕಾರಣ ಎನ್ನುತ್ತಿದ್ದರು.

ಸತ್ಯವ್ವ ನೆಲ ನೋಡುತ್ತ ಹೇಳಿದಳು. ಮಲ್ಲಿಗೆಯ ಪಂಜರಕ್ಕೆ ದೃಷ್ಟಿ ತಾಗಬಾರದೆಂದು ವಕೀಲರು ಬಟ್ಟೆ ಹೊದಿಸಿದ್ದರು. ಸಂಜೆ ಹಾದುಹೋಗುವಾಗ ಒಳಗಿನಿಂದ ಹಲ್ಲು ಕಡಿಯುವ ಸಪ್ಪಳ ಕೇಳಿಸಿತು. ನೋವಾದರೆ ಮೊಲ ಹಲ್ಲು ಕಡಿಯುತ್ತದೆ. ಬಟ್ಟೆಯ ಅಂಚು ತುಸುವೇ ಎತ್ತಿ ಸೊಪ್ಪು ತಳ್ಳಿದಳು. ಮೊಲ ಮೂಸಿತು, ಮುಖ ತಿರುಗಿಸಿತು. ಅಷ್ಟೇ.

"ವಕೀಲರಿಗೆ ಹೇಳಲಿಲ್ಲೇನು?"

"ಹೇಳಿದ್ನಿರಿ. ಮೊಲ ಸಾಕೋದು ನಿನ್ನಿಂದ ಕಲೀಬೇಕೇನು ಅಂದ್ರು."

ಆ ಏಕವಚನ ಹುಲಗಪ್ಪನಿಗೂ ಹೊಸದಲ್ಲ.

* * *

ಅವನು ಪಂಜರಗಳ ಸಾಲಿನುದ್ದಕ್ಕೂ ನಡೆದ. ಪ್ರತಿ ಬಟ್ಟಲನ್ನೂ ನೋಡಿದ. ಪ್ರತಿ ಪಂಜರವನ್ನೂ ಮೂಸಿದ. ಜನ ಮುಖ ಮುಖ ನೋಡಿಕೊಂಡರು. ಗೋಡೆಯ ಮೇಲೆ ಸಂಘದ ನಿಯಮದ ಹಲಗೆ. ಪ್ರತಿ ಪಂಜರದಲ್ಲಿ ಹಗಲೂ ಇರುಳೂ ನೀರಿರತಕ್ಕದ್ದು. ಕೆಳಗೆ ರಮಾಕಾಂತರ ಹೆಸರು.

ಮಲ್ಲಿಗೆಯ ಪಂಜರಕ್ಕೆ ಮರಳಿ ಬಂದು ಕೈ ಒಳಗೆ ಹಾಕಿ ಹುಲ್ಲು ಹಿಚುಕಿದ.

"ಈ ಬಟ್ಟಲಾ ಯಾವಾಗ ತುಂಬಿದ್ರಿ ವಕೀಲರ?"

"ನಿನ್ನೆ ಸಂಜೀಕ. ನಾನ ತುಂಬೀನಿ."

"ಆಮ್ಯಾಲೆ ಯಾರೂ ಮುಟ್ಟಿಲ್ಲಾ?"

"ಬೀಗದ ಕೈ ನನ್ನ ಹಂತ್ಯಾಕನ ಇತ್ತು."

ಹುಲಗಪ್ಪ ಸೊಪ್ಪನ್ನು ಎತ್ತಿ ಹಿಡಿದ. ಒಂದು ಎಲೆಯನ್ನೂ ಮೊಲ ಕಚ್ಚಿರಲಿಲ್ಲ. ತಿನ್ನದ ಸೊಪ್ಪು ಕೊಲ್ಲೋದು ಹೆಂಗ್ರಿ, ಎಂದು ಕೇಳಿದ.

ರಮಾಕಾಂತರು ಬಟ್ಟಲಿನ ಕಡೆ ಬೆರಳು ಮಾಡಿದರು. "ಹಂಗಾರ ನೀರಿನಾಗ ಏನರ ಬೆರಸ್ಯಾಳ."

"ನೀರು ಅಂಚಿನ ಮಟಾ ಐತಿ. ಕುಡೀದ ನೀರೂ ಕೊಲ್ಲತೈತೇನು?"



ಪಂದ್ಯದ ತೀರ್ಪುಗಾರ್ತಿ ತಾರಾಬಾಯಿ ಪಕ್ಕದಲ್ಲೇ ನಿಂತಿದ್ದರು. ಮಲ್ಲಿಗೆಗೆ ಜತೆಯಾಗಿ ಬೇರೆ ಮೊಲ ಇತ್ತೇ ಎಂದು ಹುಲಗಪ್ಪ ಅವರನ್ನು ಕೇಳಿದ. ಇತ್ತು. ತಂಗಿ ಜಾಜಿ. ಮಧ್ಯಾಹ್ನದ ಜೋಡಿ ಸ್ಪರ್ಧೆಗೆ ಬರಬೇಕಿತ್ತು. ರಮಾಕಾಂತರು ನಡುವೆ ಬಾಯಿ ಹಾಕಿ, ಅದಕ್ಕೆ ಆರಾಮಿಲ್ಲ, ಹುಬ್ಬಳ್ಳಿಯ ಮನೆಯಲ್ಲೇ ಬಿಟ್ಟು ಬಂದೆ ಎಂದರು.

ಹೊರಗೆ ಬೇವಿನ ಮರದಡಿ ಅವರ ಮೋಟಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಚಾದರ ಮುಚ್ಚಿದ ಬುಟ್ಟಿ. ಹುಲಗಪ್ಪ ಚಾದರ ಸರಿಸಿದ.

ಬುಟ್ಟಿಯೊಳಗಿಂದ ಎರಡು ಬಿಳಿ ಕಿವಿ ಎದ್ದವು.

* * *

ಜಾಜಿಯನ್ನು ತಂದು ಮೇಜಿನ ಮೇಲೆ ಇಟ್ಟ. ಹೊಸ ಬಟ್ಟಲಲ್ಲಿ ನೀರು ತರಿಸಿದ.

ಮೊಲ ಬಟ್ಟಲಿಗೆ ಮುಖ ಹಾಕಿತು. ಎತ್ತಲಿಲ್ಲ. ಅದು ನೀರು ನೆಕ್ಕುವ ಸಪ್ಪಳ ಹಿಂದೆ ನಿಂತವರಿಗೂ ಕೇಳಿಸಿತು. ಬೆರಳಿನಿಂದ ಹುಲಗಪ್ಪ ಅದರ ಬೆನ್ನಿನ ತೊಗಲು ಚಿವುಟಿ ಎತ್ತಿದ. ಎತ್ತಿದ ತೊಗಲು ಎದ್ದಂತೆಯೇ ನಿಂತಿತು, ಮೈಯಲ್ಲಿ ನೀರು ಬತ್ತಿದ ಗುರುತು. ಸತ್ಯವ್ವ ತಡೆಯಲಾರದೆ ಮುಂದೆ ಬಂದು ಬಟ್ಟಲು ಸರಿಸಿದಳು. ಒಮ್ಮೆಲೇ ಕುಡಿಸಬಾರದು ಎಂದಳು. ಮೊಲ ಬಟ್ಟಲಿನ ಹಿಂದೆಯೇ ತೆವಳಿತು.

ತಾರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

"ಕೇಳ್ರಿ," ಎಂದ ಹುಲಗಪ್ಪ. ದನಿ ಏರಿಸಲಿಲ್ಲ. "ಬ್ಯಾರೆ ನೀರಿದ್ದ ಬಟ್ಟಲದಾಗೆಲ್ಲಾ ಕೂದಲಾ ತೇಲಾಕತ್ತಾವು, ಹುಲ್ಲು ಬಿದ್ದೈತಿ. ಈ ಬಟ್ಟಲಾ ಕನ್ನಡಿ ಇದ್ದಂಗ ಐತಿ. ರಾತ್ರಿಯೆಲ್ಲಾ ಮೊಲದ ಮಗ್ಗಲದಾಗ ಇದ್ದ ನೀರಲ್ಲ ಇದು. ಇವತ್ತ ಬೆಳಿಗ್ಗೆ, ಮೊಲ ಸತ್ತ ಮ್ಯಾಲೆ, ಬೀಗ ತಗದವರು ಇಟ್ಟದ್ದು. ನೀರಿದ್ದ ಪಂಜರ ಉಚ್ಚಿ ನಾರತಾವು. ಇದರ ಹುಲ್ಲು ಗರಿಗರಿ. ಯಾಕಂದ್ರ ಇದಕ್ಕ ಉಚ್ಚಿ ಹೊಯ್ಯಾಕ ಮೈಯಾಗ ನೀರ ಇರಲಿಲ್ಲ."

ಬಿಳಿ ಮೊಲದ ಪಾದಕ್ಕೆ ಉಚ್ಚೆ ತಾಗಿದರೆ ಹಳದಿಯಾಗುತ್ತದೆ. ಹಳದಿಯಾದರೆ ಅಂಕ ಹೋಗುತ್ತವೆ. ಅದಕ್ಕೇ ಪ್ರದರ್ಶನದ ಮೊದಲು ನೀರು ತಪ್ಪಿಸುವುದು. ನಿನ್ನೆಯ ಬಿಸಿಲು, ಮೇಲೆ ಕಾದ ತಗಡು, ಪಂಜರಕ್ಕೆ ಹೊದಿಸಿದ ಬಟ್ಟೆ. ಆ ಬಟ್ಟೆ ದೃಷ್ಟಿ ತಾಗದಿರಲೆಂದಲ್ಲ, ಒಣಗಿದ ಬಟ್ಟಲು ಯಾರಿಗೂ ಕಾಣದಿರಲೆಂದು.

"ನನ್ನ ಮೊಲ ಅದು," ಎಂದರು ರಮಾಕಾಂತರು. "ನನ್ನ ಸ್ವಂತದ್ದು. ಇದಕ್ಕ ಯಾವ ಕಾಯದೇದ ಕಲಮು ಹಚ್ಚತೀರಿ?"

"ಪ್ರಾಣಿಗೆ ನೀರು ಕೊಡದಿದ್ದರ ಗುನ್ಹೇ ಅಂತ ಕಾಯದೇ ಬಂದು ಮೂರು ವರ್ಷಾತು. ವಕೀಲರಿಗೆ ಫೌಜದಾರ ಕಲಿಸಬೇಕೇನು? ಅದರ ದಂಡ ಸಣ್ಣದು, ನನಗೂ ಗೊತ್ತೈತಿ. ಖೊಟ್ಟಿ ಫಿರ್ಯಾದಿ ಕೊಟ್ಟು ಒಬ್ಬಾಕಿ ಅನ್ನಕ್ಕ ಕೈ ಹಾಕಿದ್ರಲ್ಲಾ, ಅದು ಸಣ್ಣದಲ್ಲ."

ಆಮೇಲೆ ಅವನು ಸಾಲಿನ ಕಡೆ ತಿರುಗಿದ. ಸದಸ್ಯರಲ್ಲಿ ಕೆಲವರು ಸದ್ದಿಲ್ಲದೆ ನಳದ ಕಡೆ ಹೊರಟಿದ್ದರು. ಕೈಯಲ್ಲಿ ಖಾಲಿ ಬಟ್ಟಲುಗಳು.

"ನಿಮಗೆಲ್ಲಾ ಗೊತ್ತಿತ್ತು," ಎಂದ.



* * *

ಕೊನೆಗೆ ತಾರಾಬಾಯಿಯವರೇ ಸತ್ಯವ್ವನ ಬಳಿ ಬಂದರು. ಬೆಳ್ಳಗಿನ ಪಾದಕ್ಕೆ ಅಂಕ ಕೊಟ್ಟ ಕೈ ತಮ್ಮದೇ ಎಂದು ಒಪ್ಪಿಕೊಂಡರು. ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿದರು.

"ರಮಾಕಾಂತರು ಕ್ಷಮಾ ಕೇಳತಾರ. ಇಲ್ಲಿಗೇ ಬಿಟ್ಟುಬಿಡವಾ. ಸಂಘದ ಮರ್ಯಾದಿ ಪ್ರಶ್ನಿ ಅದ."

ಸತ್ಯವ್ವನ ಮಡಿಲಲ್ಲಿ ಜಾಜಿ ಕಣ್ಣು ಮುಚ್ಚಿ ಕೂತಿತ್ತು. ಅದರ ಕಿವಿ ಸವರುತ್ತಿದ್ದ ಕೈ ನಿಂತಿತು. ಬೆಳಗಿನಿಂದ ಮೊದಲ ಸಲ ಆಕೆ ತಲೆ ಎತ್ತಿದಳು.

"ಮುಂಜಾನೆ ನನ್ನ ಮರ್ಯಾದಿ ಹೋಗೋವಾಗ ನೀವೆಲ್ಲಾ ಇಲ್ಲೇ ನಿಂತಿದ್ರಿ ಬಾಯಾರ."

ತಾರಾಬಾಯಿ ಒಂದು ಹೆಜ್ಜೆ ಹಿಂದೆ ಸರಿದರು.

"ಬರಕೋರಿ ಸಾಹೇಬ್ರ," ಎಂದಳು ಸತ್ಯವ್ವ. "ನಾ ಹೇಳತೇನಿ."

ಹುಲಗಪ್ಪ ಕುರ್ಚಿ ಎಳೆದು ಆಕೆಗೆ ಕೊಟ್ಟ. ತಾನು ನಿಂತೇ ಬರೆಯತೊಡಗಿದ.