ತಮ್ಮನ ಬಲಗೈ

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಆಫೀಸುಗಳು ಏಳುತ್ತಿದ್ದ ವರ್ಷಗಳಲ್ಲಿ ನಮ್ಮ ಕಾಚಿಗೂಡದ ಮನೆಯಲ್ಲಿ ನಡೆದದ್ದಿದು. ಲಕ್ವಾ ಹೊಡೆದು ತಮ್ಮ ಚನ್ನವೀರನ ಬಲಗೈ ಸ್ವಾಧೀನ ತಪ್ಪಿತ್ತು. ಬೀದರ ಕಡೆಯ ಡಾಕ್ಟರು ಅವನದೇ ಎಲುಬಿನೊಳಗಿಂದ ಸ್ಟೆಮ್ ಸೆಲ್ ತೆಗೆದು, ಅವು ಸಾಯದಿರಲೆಂದು ಹೊಸ ಔಷಧ ಬೆರೆಸಿ ಮಿದುಳಿಗೆ ಹಾಕಿದರು. ತಿಂಗಳಾದ ಮೇಲೆ ಕೈ ಅಲುಗಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಮರುದಿನ ಮಧ್ಯಾಹ್ನ ಗಂಜಿ ಕುಡಿಸುವಾಗ ಆ ಕೈ ನನ್ನ ಮಣಿಕಟ್ಟು ಹಿಡಿಯಿತು. ಅಂಥ ಬೇಸಿಗೆಯಲ್ಲೂ ಅದು ಮಂಜುಗಡ್ಡೆಯಂತಿತ್ತು.

"ಬಿಡೋ ಮೂಳಾ, ಅಕ್ಕನ ಮ್ಯಾಲ ಸಿಟ್ಟೇನು?"

ಅವನು ಅಳುತ್ತಿದ್ದ. "ನಾ ಹಿಡದಿಲ್ಲಬೇ ಅಕ್ಕಾ. ಕಿತ್ಕೊಂಡು ಹೊರಗ ಹೋಗು."

ಊದಿದ ಮಣಿಕಟ್ಟು ತೋರಿಸಿದಾಗ ಡಾಕ್ಟರು ಅವನ ಹೊಸ ಸ್ಕ್ಯಾನನ್ನೇ ನೋಡುತ್ತ ಕೂತರು. "ಹಾಕಿದ ಸೆಲ್ ಒಂದೂ ಉಳದಿಲ್ರಿ. ಕೈ ಅಲುಗೋಕಿಂತ ಮದ್ಲೇ ಎಲ್ಲಾ ಸತ್ತಾವ."

ಆಮೇಲೆ ನಾನು ಅವನ ಎಡಕ್ಕೆ ಕೂತು ಉಣಿಸತೊಡಗಿದೆ. ಉಂಡರೂ ತಮ್ಮ ಸೊರಗುತ್ತ ಹೋದ. ಆ ಕೈ ಮಾತ್ರ ತುಂಬಿಕೊಳ್ಳುತ್ತ ಹೋಯಿತು.