ಹಳೇ ಕೀ ಅಳಿಸ್ಬೇಡಿ, ಸುಗುಣಾ!

"ಒತ್ಬೇಡಿ!"

ಸುಗುಣಾಳ ಬೆರಳು ಎಂಟರ್ ಗುಂಡಿಗೆ ಇನ್ನೇನು ತಾಗಬೇಕು... ಹಿಂದಿನಿಂದ ಚಾಚಿ ಬಂದ ಅಂಗೈಯೊಂದು ಕೀಬೋರ್ಡಿನ ಮೇಲೆ ಕವುಚಿ ಬಿತ್ತು. ಅವಳ ಬೆರಳು ಆ ಕೈಗೆ ತಾಗಿ ನಿಂತಿತು.

ಬೆಚ್ಚಿ ತಿರುಗಿದಳು. ಕನ್ನಡಕ ಹಾಕಿದ ಎತ್ತರದ ಯುವಕ. ಬೆನ್ನಿನ ಬ್ಯಾಗನ್ನು ಇನ್ನೂ ಇಳಿಸಿಲ್ಲ. ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿ ಬಂದವನಂತೆ ಏದುಸಿರು.

"ಕೈ ತೆಗೀರಿ... ಸಾರ್," ಎಂದಳು. ಕೋಪವನ್ನು ನುಂಗಿಕೊಂಡ ಮೇಲೆ ಬಂದ 'ಸಾರ್' ಅದು!

"ಮೊದ್ಲು ನಿಮ್ ಕೈ ತೆಗೀರಿ."

"ನಾನೇನ್ ಮಾಡ್ದೆ? ಹಳೇದೆಲ್ಲಾ ಕ್ಲೀನ್ ಮಾಡು ಅಂತ ಮೇಡಂ ಹೇಳವ್ರೆ. ಈ ಕೀ ಹಳೇದು ಅಂತ ಇಲ್ಲೇ ತೋರಿಸ್ತೈತಲ್ಲ. ಅದ್ಕೇ ಡಿಲೀಟ್..."

"ಆ ಒಂದು ಕೀ ಹೋದ್ರೆ ಅಂಚೆಟ್ಟಿ ಕಡೆ ಜನರ ಹಳೇ ರಿಪೋರ್ಟೆಲ್ಲಾ ಹೋಗ್ಬುಡ್ತವೆ! ಕಂಪ್ಯೂಟ್ರಲ್ಲೇ ಇರ್ತವೆ, ಆದ್ರೆ ಯಾರಿಗೂ ಓದಕ್ಕಾಗಲ್ಲ. ದೇವ್ರು ಇಳಿದು ಬಂದ್ರೂ ಆಗಲ್ಲ!"

ಕೆಲಸದ ಮೊದಲ ದಿನವೇ ಇಷ್ಟು ದೊಡ್ಡ ಅನಾಹುತ ತಪ್ಪಿತು ಎಂದು ಸುಗುಣಾ ಹೆದರಬೇಕಿತ್ತು. ಹೆದರಲಿಲ್ಲ. ಅವಳ ಕಣ್ಣು ಅರಳಿತು.

"ಅದ್ಹೆಂಗೆ?"

ಅವನು ಕಕ್ಕಾಬಿಕ್ಕಿಯಾದ. ಬೈದರೆ ಹೊಸಬರು ಸಾರಿ ಹೇಳುತ್ತಾರೆ, ಇಲ್ಲವೇ ಅಳುತ್ತಾರೆ. ಇವಳು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡು ಕೂತಿದ್ದಾಳೆ!

ಅವನ ಹೆಸರು ಮುನೀಂದ್ರ. ಅವನು ಚಿಕ್ಕವನಿದ್ದಾಗಲೇ ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಮಾಲೂರು ಬಿಟ್ಟು ಮೂಕಂಡಪಲ್ಲಿಗೆ ಬಂದು ನೆಲೆಸಿದ್ದರು. ಸುಗುಣಾ ತೊರಪಲ್ಲಿ ಅಗ್ರಹಾರದ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು. ಮೂರರಲ್ಲೂ ಅವಳು ಹೆಚ್ಚಾಗಿ ಆಡುತ್ತಿದ್ದುದು ಪ್ರಶ್ನೆಗಳನ್ನೇ! ಬೆಟ್ಟದ ಹಳ್ಳಿಗಳಿಗೆ ಹೋಗುವ ಸಂಚಾರಿ ಆಸ್ಪತ್ರೆಯ ವ್ಯಾನುಗಳಿಗೆ ರೋಗಿಗಳ ದಾಖಲೆ ಕಾಪಾಡಿಕೊಡುವ ಪುಟ್ಟ ಆಫೀಸು ಅದು. ಹೊಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಉಷಾರಾಣಿ ಮೇಡಂ.

ಮುನೀಂದ್ರ ಬ್ಯಾಗು ಇಳಿಸಿ ಪಕ್ಕದಲ್ಲಿ ಕೂತ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು. ಮೌಸ್ ಇಲ್ಲ, ಚಿತ್ರಗಳಿಲ್ಲ. ಕಮಾಂಡ್ ಟೈಪ್ ಮಾಡಿದರೆ ಕೆಲಸ ಆಗುತ್ತದೆ, ಅಷ್ಟೇ.

"ಹೊಸಾ ರಿಪೋರ್ಟಿಗೆ ಹೊಸಾ ಕೀಯಿಂದ ಬೀಗ ಹಾಕ್ತೀವಿ. ಆದ್ರೆ ಹಳೇ ರಿಪೋರ್ಟಿಗೆ ಹಾಕಿರೋ ಬೀಗ ಹಳೇ ಕೀಗೆ ಮಾತ್ರ ತೆಗಿಯತ್ತೆ. ಅದ್ಕೇ ಹಳೇದನ್ನ ಅಳಿಸ್ಬಾರ್ದು."

"ಅಂದ್ರೆ... ಮುಚ್ಚಕ್ಕೂ ತೆಗಿಯಕ್ಕೂ ಒಂದೇ ಕೀನಾ?"

"ಹ್ಞೂಂ. ಸಿಮೆಟ್ರಿಕ್ ಅಂತಾರೆ."

"ಹಂಗಾದ್ರೆ ವ್ಯಾನಲ್ಲಿರೋರಿಗೆ ಅದನ್ನ ಹೆಂಗೆ ಕೊಡ್ತೀರಿ? ದಾರೀಲಿ ಯಾರಾದ್ರೂ ನೋಡ್ಬುಟ್ರೆ ಅವ್ರೂ ತೆಗೀಬಹುದಲ್ವಾ?"

ಮುನೀಂದ್ರ ಆಗ ಅವಳ ಮುಖವನ್ನು ಸರಿಯಾಗಿ ನೋಡಿದ.

"ಫೋನಲ್ಲಿ, ಮೆಸೇಜಲ್ಲಿ ಕಳ್ಸೋದೇ ಇಲ್ಲ. ಬೆಟ್ಟದ ಮೇಲೆ ಸಿಗ್ನಲ್ ಇರಲ್ಲ, ಹಂಗಾಗಿ ವ್ಯಾನಿನ ಕಂಪ್ಯೂಟ್ರಲ್ಲೇ ಕೀ ಇರ್ಬೇಕು. ನಾನೇ ತಗೊಂಡೋಗಿ ಹಾಕ್ಬತ್ತೀನಿ." ಆಮೇಲೆ ಮೆಲ್ಲಗೆ ಕೇಳಿದ. "ನಿಮ್ ಹೆಸ್ರೇನು?"

ಬಯ್ಯುವಾಗ ಹುಲಿ, ಹೇಳಿಕೊಡುವಾಗ ಹಸು... ಎಂಥಾ ಮನುಷ್ಯನಪ್ಪಾ ಇವನು! ಎಂದುಕೊಂಡಳು ಸುಗುಣಾ.

ಅಂದಿನಿಂದ ಮುನೀಂದ್ರನಿಗೆ ನೆಮ್ಮದಿಯಾಗಿ ಟೀ ಕುಡಿಯುವ ಭಾಗ್ಯ ಹೋಯಿತು.

"ಡಿಸೇಬಲ್ ಮಾಡೋದಕ್ಕೂ ಡಿಲೀಟ್ ಮಾಡೋದಕ್ಕೂ ಏನ್ ವ್ಯತ್ಯಾಸ?"

"ಡಿಸೇಬಲ್ ಅಂದ್ರೆ ಕೀ ಮಲಗಿರತ್ತೆ, ಎಬ್ಬಿಸ್ಬಹುದು. ಡಿಲೀಟ್ ಅಂದ್ರೆ ಸತ್ತಂಗೆ."

"ನಿಜವಾಗ್ಲೂ ವಾಪಸ್ ಬರಲ್ವಾ? ಒಂದ್ಸಲ ನೋಡಣಾ?"

ಪರೀಕ್ಷೆಗೆಂದೇ ಒಂದು ಕೀ ಹುಟ್ಟಿಸಿ, ತನ್ನ ಹೆಸರು ಬರೆದು, ಅದಕ್ಕೆ ಬೀಗ ಹಾಕಿ, ಕೀಯನ್ನು ಅಳಿಸಿಯೇಬಿಟ್ಟಳು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿ ಉಳಿಯಿತು.

"ಅಯ್ಯೋ, ನಾನು ಹೋಗ್ಬುಟ್ಟೆ!" ಎಂದು ಚಪ್ಪಾಳೆ ತಟ್ಟಿ ನಕ್ಕಳು.

ಅವನೂ ನಕ್ಕ. ಆಮೇಲೆ ಏಕೋ ನಗು ನಿಲ್ಲಿಸಿ, "ಹಂಗನ್ಬೇಡಿ," ಎಂದ.

ಒಂದೇ ಒಂದು ಪದ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಮನೆಯಲ್ಲಿ ಅವ್ವ ಅನ್ನ ಬಡಿಸುವಾಗ, ಸುಗುಣಾಳ ಕಿವಿಯಲ್ಲಿ ಅದೇ ಮಾತು. ಹಾಗೆ ಯಾಕೆ ಅಂದರು? ಸುಮ್ಮನೆ ಅಂದರಾ? ಅಥವಾ...?

ಎಲ್ಲವನ್ನೂ ಬಾಯಿಬಿಟ್ಟು ಕೇಳುವ ಹುಡುಗಿಗೆ ಇದೊಂದನ್ನು ಮಾತ್ರ ಕೇಳಲಾಗಲಿಲ್ಲ!

ಹೀಗಿರುವಾಗ ಒಂದು ಸಂಜೆ, ಮನೆಗೆ ಹೊರಡುವ ಆತುರದಲ್ಲಿ ಅವಳಿಗೊಂದು ಸಂದೇಹ ಬಂತು. ಮುನೀಂದ್ರ ಹೊರಗೆ ಹೋಗಿದ್ದ. ಪರದೆಯ ಫೋಟೊ ತೆಗೆದು, 'ಈ ಸಾಲು ಯಾಕೆ ಹಿಂಗೆ ಬಂದಿದೆ?' ಎಂದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿ, ಓಡಿ ಬಸ್ಸು ಹತ್ತಿದಳು. ಫೋನಿನ ಚಾರ್ಜು ದಾರಿಯಲ್ಲೇ ಮುಗಿಯಿತು.

ಮರುದಿನ ಆಫೀಸಿಗೆ ಕಾಲಿಡುವಷ್ಟರಲ್ಲಿ ಉಷಾರಾಣಿ ಮೇಡಂ ಎದುರು ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಗಾಬರಿ.

"ಸೀಕ್ರಂ ಬಾಮ್ಮಾ, ಬೇಗ! ವ್ಯಾನಿಂದ ನರ್ಸ್ ಕದಿರಮ್ಮ. ಒಂದು ರಿಪೋರ್ಟೂ ಓಪನ್ ಆಗ್ತಿಲ್ವಂತೆ!"

ಸುಗುಣಾ ಫೋನು ಹಿಡಿದಳು. ಅಂಚೆಟ್ಟಿಯಾಚೆಯ ಯಾವುದೋ ಬಂಡೆ ಹತ್ತಿ ನಿಂತು ಮಾತಾಡುತ್ತಿದ್ದ ಕದಿರಮ್ಮನ ದನಿ ತುಂಡುತುಂಡಾಗಿ ಬಂತು.

"ಅಮ್ಮಣ್ಣೀ... ಸೊಣ್ಣಪ್ಪ ಅಂತ ಮುದುಕಪ್ಪ, ಕಾಲು ಕೀವು ತುಂಬ್ಕೊಂಡು ಜ್ವರ ಕೆಂಡದಂಗೆ ಸುಡ್ತೈತೆ. ಸೂಜಿ ಹಾಕ್ಲೇಬೇಕು. ಆದ್ರೆ ಹೋದ್ಸಲ ಯಾವ್ದೋ ಸೂಜಿಗೆ ಉಸ್ರು ನಿಂತಂಗಾಗಿತ್ತಂತೆ. ಯಾವ್ದು ಅಂತ ಅವ್ರಿಗೂ ಗೊತ್ತಿಲ್ಲ, ಈ ಡಾಕ್ಟ್ರೂ ಹೊಸಬ್ರು. ಹಳೇ ರಿಪೋರ್ಟು ನೋಡ್ದೆ ಹೆಂಗಮ್ಮಾ ಹಾಕೋದು?"

"ಬಂಡೆ ಬಿಟ್ಟು ಇಳೀಬೇಡಿ ಅಕ್ಕಾ, ಈಗ್ಲೇ ನೋಡ್ತೀನಿ!"

ಕಂಪ್ಯೂಟರಿನ ಮುಂದೆ ಕೂತು ಕಮಾಂಡ್ ಟೈಪ್ ಮಾಡಿದಳು. ಬಂದ ಉತ್ತರವನ್ನು ಎರಡು ಸಲ ಓದಿದಳು.

'ನಿಮಗೆ ಅನುಮತಿ ಇಲ್ಲ.'

ಅನುಮತಿ ಇಲ್ಲ? ತನಗಾ? ನಿನ್ನೆವರೆಗೂ ಇತ್ತಲ್ಲ!

ಮೇಡಂ ತಮ್ಮ ಹೆಸರಿನಲ್ಲಿ ಒಳಹೊಕ್ಕು ಕುರ್ಚಿ ಬಿಟ್ಟುಕೊಟ್ಟರು. ಆಗ ಎಲ್ಲವೂ ಕಾಣಿಸಿತು. ಕೀಯನ್ನು ನಿನ್ನೆ ಸಂಜೆ ಡಿಸೇಬಲ್ ಮಾಡಲಾಗಿದೆ. ಸುಗುಣಾಳ ಹೆಸರನ್ನೂ ತೆಗೆದುಹಾಕಲಾಗಿದೆ. ಎರಡನ್ನೂ ಮಾಡಿದವನು... ಮುನೀಂದ್ರ!

ತನ್ನ ಫೋನಿನಿಂದ ಅವನಿಗೆ ಕರೆ ಮಾಡಿದರೆ 'ತೊಡರ್ಪು ಎಲ್ಲೈಕ್ಕು ವೆಳಿಯೇ' ಎಂಬ ತಮಿಳು ಹೆಣ್ಣುದನಿ. ಸಿಗ್ನಲ್ ಇಲ್ಲದ ಎಲ್ಲಿಗೋ ಹೋಗಿದ್ದಾನೆ.

"ಏನೋ ಕೀ ಬದಲಾಯಿಸ್ಬೇಕು ಅಂತ ನಿನ್ನೆ ಹೇಳಿದ್ದ, ಇಷ್ಟೆಲ್ಲಾ ಅಂತ ಹೇಳ್ಲಿಲ್ಲ," ಮೇಡಂ ಚಡಪಡಿಸಿದರು. "ಮೊದ್ಲು ಆ ಹಳೇ ಕೀ ಆನ್ ಮಾಡಮ್ಮಾ!"

ಸುಗುಣಾಳ ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಒಂದು ಮಾತು ಹೇಳದೆ ತನ್ನ ಹೆಸರು ತೆಗೆದನಲ್ಲ! ಇಷ್ಟು ದಿನ ನಕ್ಕು ಹೇಳಿಕೊಟ್ಟಿದ್ದೆಲ್ಲ ಏನು? ನನ್ನ ಮೇಲೆ ಇಷ್ಟೂ ನಂಬಿಕೆ ಇರಲಿಲ್ಲವಾ?

ಹಳೆಯ ಕೀಯನ್ನು ಎಬ್ಬಿಸುವ ಕಮಾಂಡ್ ಟೈಪ್ ಮಾಡಿದಳು. ಎಂಟರ್ ಒತ್ತಿದರೆ ಮುಗಿಯಿತು...

ಬೆರಳು ನಿಂತಿತು. ಈ ಸಲ ಯಾರ ಅಂಗೈಯೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಅವಳದೇ ಹುಟ್ಟುಗುಣ.

ಯಾಕೆ? ಯಾಕೆ ಮಲಗಿಸಿದರು? ಕೆಡಿಸಬೇಕೆಂದಿದ್ದರೆ ಅಳಿಸಿಯೇಬಿಡುತ್ತಿದ್ದರು. ಮಲಗಿಸಿದ್ದಾರೆ ಎಂದರೆ ಇದು ಎದ್ದಿರಬಾರದು ಎಂದರ್ಥ. ಹಾಗಾದರೆ ಬೇರೊಂದು...

ಟೈಪ್ ಮಾಡಿದ್ದನ್ನು ಅಳಿಸಿದಳು. ಇರುವ ಎಲ್ಲ ಕೀಗಳನ್ನೂ ತೋರಿಸುವ ಕಮಾಂಡ್ ಕೊಟ್ಟಳು. ಕೊನೆಯ ಸಾಲಿನಲ್ಲಿ, ನಿನ್ನೆ ಸಂಜೆ ಹುಟ್ಟಿದ ಹೊಚ್ಚಹೊಸ ಕೀ! ಎಲ್ಲ ರಿಪೋರ್ಟುಗಳ ಮುಂದೆಯೂ ಈಗ ಅದರದೇ ಗುರುತು.

"ಮೇಡಂ, ಎಲ್ಲಾ ರಿಪೋರ್ಟಿಗೂ ಹೊಸಾ ಕೀಯಿಂದ ಮತ್ತೆ ಬೀಗ ಹಾಕವ್ರೆ! ಹಂಗೆ ಬೀಗ ಬಿದ್ದ ರಿಪೋರ್ಟೆಲ್ಲಾ ರಾತ್ರಿ ವ್ಯಾನು ಊರಲ್ಲಿದ್ದಾಗ ನೆಟ್ಟಲ್ಲೇ ಅದಕ್ಕೆ ಹೋಗವೆ, ಕೀ ಮಾತ್ರ ಹೋಗಿಲ್ಲ. ಹಳೇದನ್ನ ಎಬ್ಬಿಸಿದ್ರೂ ಏನೂ ತೆಗಿಯಲ್ಲ."

"ಹಂಗಾದ್ರೆ ಆ ಹೊಸಾ ಕೀನೇ ಕದಿರಮ್ಮಂಗೆ ಫೋನಲ್ಲಿ ಹೇಳ್ಬುಡಮ್ಮಾ!"

"ಬೇಡ ಮೇಡಂ. ಕೀ ಯಾಕೆ ಹೇಳ್ಬೇಕು? ನಾವೇ ಇಲ್ಲಿ ತೆಗೆದು ನೋಡಿ, ಔಷಧಿ ಹೆಸ್ರು ಮಾತ್ರ ಹೇಳೋಣ."

ಸೊಣ್ಣಪ್ಪನ ದಾಖಲೆ ತೆರೆದುಕೊಂಡಿತು. ಕೆಂಪು ಅಕ್ಷರದಲ್ಲಿತ್ತು ಆ ಒಂದು ಸಾಲು.

"ಕದಿರಮ್ಮಕ್ಕಾ! ಪೆನ್ಸಿಲಿನ್! ಅದು ಮಾತ್ರ ಹಾಕ್ಬೇಡಿ ಅಂತ ಡಾಕ್ಟ್ರಿಗೆ ಹೇಳಿ!"

"ಪೆನ್ಸಿಲಿನ್ನಾ? ಅಯ್ಯೋ ಸಿವನೇ... ಅದ್ನೇ ಕೈಯಲ್ಲಿ ಹಿಡ್ಕೊಂಡು ನಿಂತವ್ರೆ ಕಣಮ್ಮಾ!"

ಫೋನು ಕಡಿಯಿತು. ಸುಗುಣಾ ಮೇಜಿಗೆ ತಲೆಯಾನಿಸಿ ಕೂತಳು. ಮೇಡಂ ಅವಳ ಬೆನ್ನು ಸವರಿದರು. ತುಂಬ ಹೊತ್ತಿನ ಮೇಲೆ ಮತ್ತೆ ಕದಿರಮ್ಮನ ಕರೆ.

"ಬೇರೆ ಸೂಜಿ ಹಾಕಿದ್ರು, ಮುದುಕಪ್ಪ ಕಣ್ಬಿಟ್ಟು ಗಂಜಿ ಕೇಳ್ದ. ಇನ್ನೊಂದ್ ವಿಷ್ಯ... ನಿಮ್ ಮುನೀಂದ್ರ ಇಲ್ಲಿಗೆ ಬಂದವ್ನೆ! ಬಸ್ಸು ಅಂಚೆಟ್ಟೀಲೇ ನಿಂತೋಯ್ತಂತೆ, ಕಾಡುದಾರೀಲಿ ನಡ್ಕೊಂಡೇ ಬಂದವ್ನೆ. ಅದೇನೋ ಕೀ ಹಾಕ್ದ, ಈಗ ಎಲ್ಲಾ ಓಪನ್ ಆಯ್ತೈತೆ."

ನಡೆದುಕೊಂಡು... ಆ ಬೆಟ್ಟಕ್ಕೆ!

ಸುಗುಣಾಳ ಕೋಪ ಅರ್ಧ ಕರಗಿತು. ಉಳಿದರ್ಧ ಇನ್ನೂ ಗಟ್ಟಿಯಾಯಿತು. ವ್ಯಾನಿನವರಿಗಾಗಿ ಅಷ್ಟು ದೂರ ನಡೆಯುವವನಿಗೆ, ತನಗೊಂದು ಮಾತು ಹೇಳಲು ಆಗಲಿಲ್ಲವೇ?

ಸಂಜೆ ಆಫೀಸಿನ ಮೆಟ್ಟಿಲ ಬುಡದಲ್ಲಿ ಅವನಿಗಾಗಿ ಕಾದು ನಿಂತಳು. ಮೊಣಕಾಲುದ್ದ ಕೆಂಪು ಧೂಳು ಮೆತ್ತಿಕೊಂಡು ಬಂದ ಮುನೀಂದ್ರ.

"ನನ್ ಹೆಸ್ರು ಯಾಕೆ ತೆಗುದ್ರಿ?"

ಅವನು ತಲೆ ತಗ್ಗಿಸಿದ. "ಬಂದು ಹೇಳಣ ಅಂತಿದ್ದೆ..."

"ಈಗ ಹೇಳಿ."

"ನಿನ್ನೆ ಗ್ರೂಪಿಗೆ ಹಾಕಿದ್ರಲ್ಲ ಫೋಟೊ... ಅದ್ರಲ್ಲಿ ಕೀ ಪೂರ್ತಿ ಕಾಣಿಸ್ತಿತ್ತು. ನಿಮ್ ಪಾಸ್‌ವರ್ಡೂ."

ಸುಗುಣಾ ಹಣೆ ಬಡಿದುಕೊಂಡಳು. ಆ ಗುಂಪಿನಲ್ಲಿ ಕೆಲಸ ಬಿಟ್ಟು ಹೋದವರು, ವ್ಯಾನ್ ರಿಪೇರಿಯವರು, ಯಾರ್ಯಾರೋ ಇದ್ದರು!

"ಫೋಟೊ ಆಗ್ಲೇ ತೆಗೆದೆ. ಆದ್ರೆ ಯಾರು ನೋಡಿದ್ರೋ ಗೊತ್ತಿಲ್ವಲ್ಲ. ಅದ್ಕೇ ಹೊಸಾ ಕೀ ಮಾಡ್ದೆ, ನಿಮ್ ಲಾಗಿನ್ ನಿಲ್ಸಿದೆ. ಬೆಳಿಗ್ಗೆ ವ್ಯಾನು ಹೊರಡೋ ಮುಂಚೆ ಕೀ ಹಾಕ್ಬೇಕಿತ್ತು. ನಾನು ಬರೋಷ್ಟರಲ್ಲಿ ಹೋಗ್ಬುಟ್ಟಿತ್ತು. ಬಸ್ಸು ಹತ್ತಿ ಹಿಂದೇನೇ ಹೋದೆ."

"ಮೇಡಂಗೆ ಪೂರ್ತಿ ಹೇಳ್ಲಿಲ್ಲ. ನಂಗೂ ಹೇಳ್ಲಿಲ್ಲ. ಯಾಕೆ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಧೂಳು ಇನ್ನಷ್ಟು ಮೆತ್ತಿಕೊಂಡಿತು.

"ನೀವು ಹೆದ್ರಿಕೊಂಡು... ಪ್ರಶ್ನೆ ಕೇಳೋದನ್ನೇ ನಿಲ್ಲಿಸ್ಬುಟ್ರೆ ಅಂತ."

ಸುಗುಣಾಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ನನ್ ತಪ್ಪು ನಂಗೇ ಕಾಣದಂಗೆ ಮುಚ್ಚಿಟ್ರೆ ನಾಳೆ ಮತ್ತೆ ಅದೇ ಮಾಡ್ತೀನಲ್ವಾ? ಇವತ್ತು ಆ ಮುದುಕಪ್ಪಂಗೆ ಏನಾದ್ರೂ ಆಗಿದ್ರೆ? ಹಿಂಗೆ ಒಬ್ರೇ ಎಲ್ಲಾ ಹೊತ್ಕೋಬೇಡಿ ಮುನೀಂದ್ರ. ನಂಗದು ಬೇಡ."

"ತಪ್ಪಾಯ್ತು," ಎಂದ ಅವನು. "ನಿನ್ನೇನೇ ಹೇಳ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡು ಸರಸರನೆ ಮೆಟ್ಟಿಲು ಹತ್ತಿದಳು. ಉಷಾರಾಣಿ ಮೇಡಂ ಮುಂದೆ ನಿಂತು ನಡೆದದ್ದೆಲ್ಲ ಹೇಳಿದಳು. ಮೇಡಂ ಅವಳನ್ನು ಚೆನ್ನಾಗಿಯೇ ಬೈದರು. ಬಾಗಿಲಲ್ಲಿ ನಿಂತಿದ್ದ ಮುನೀಂದ್ರನನ್ನು ಒಳಗೆ ಕರೆದು ಅದಕ್ಕಿಂತ ಹೆಚ್ಚು ಬೈದರು.

"ಇನ್ಮೇಲೆ ಕೀ ವಿಷ್ಯ ಏನಿದ್ರೂ ಇಬ್ರೂ ಸೇರಿ ಮಾಡ್ಬೇಕು. ಒಬ್ರು ಟೈಪ್ ಮಾಡಿ, ಇನ್ನೊಬ್ರು ನೋಡಿ. ಪುರಿಂಜುದಾ, ಅರ್ಥ ಆಯ್ತಾ?"

ಇಬ್ಬರೂ ತಲೆಯಾಡಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದರು!

ನಿಲ್ದಾಣಕ್ಕೆ ತೊರಪಲ್ಲಿಯ ಬಸ್ಸು ಇನ್ನೂ ಬಂದಿರಲಿಲ್ಲ. ಮುನೀಂದ್ರ ಅವಳ ಪಕ್ಕ ಬಂದು ನಿಂತ.

"ಕಾಡಲ್ಲಿ ನಡೀವಾಗ ಒಂದೇ ಯೋಚ್ನೆ. ನೀವು ನನ್ ಮೇಲೆ ಕೋಪ ಮಾಡ್ಕೊಂಡು ಕೆಲ್ಸ ಬಿಟ್ಬುಟ್ರೆ ನಾನೇನ್ ಮಾಡ್ಲಿ ಅಂತ."

"ಏನ್ ಮಾಡ್ತಿದ್ರಿ?"

"ತೊರಪಲ್ಲಿಗೇ ಬತ್ತಿದ್ದೆ."

"ಬಂದು?"

"ಸುಗುಣಾ... ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಮದ್ವೆ ಆಗೋಷ್ಟು ಇಷ್ಟ."

ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಸುಗುಣಾ ಕದಲಲಿಲ್ಲ. ಕೇಳಲು ಅವಳ ಬಳಿ ಒಂದೇ ಒಂದು ಪ್ರಶ್ನೆಯೂ ಉಳಿದಿರಲಿಲ್ಲ... ಜೀವಮಾನದಲ್ಲೇ ಮೊದಲ ಸಲ!

ಕಂಡಕ್ಟರು ಸೀಟಿ ಊದಿದ. ಅವಳು ಓಡಿ ಮೆಟ್ಟಿಲೇರಿ, ಕಂಬಿ ಹಿಡಿದು ತಿರುಗಿದಳು.

"ಭಾನುವಾರ ಅವ್ವ ಮನೇಲೇ ಇರ್ತಾರೆ."

ಅವನಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಬಸ್ಸು ಚಲಿಸತೊಡಗಿತು. ಅವನು ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿದ.

"ಬಂದು ಏನಂತ ಹೇಳ್ಲಿ ಅವ್ರಿಗೆ?"

ಸುಗುಣಾಳ ಕೆನ್ನೆ ಕೆಂಪಾಯಿತು. ಇಷ್ಟು ದಿನದ 'ನೀವು' ನಾಲಿಗೆಯಿಂದ ತಾನಾಗಿಯೇ ಜಾರಿಹೋಯಿತು.

"ನಂಗೆ ಹೇಳಿದ್ಯಲ್ಲ... ಅದ್ನೇ ಹೇಳು!"